‘ಇವತ್ತೂ ವಾಯಿದೆಯಾ?’

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನವಳು. 2019ರಲ್ಲಿ ಕಾಫಿ ತೋಟದ ಬೇಲಿ ಜಗಳದಲ್ಲಿ ನನ್ನ ತಮ್ಮನನ್ನು ಹೊಡೆದು ಕೊಂದರು. ನಾನೇ ದೂರು ಕೊಟ್ಟವಳು. ಕೇಸು ಹಾಸನದ ಸೆಷನ್ಸ್ ಕೋರ್ಟಿನಲ್ಲಿದೆ. ಆರೋಪಿಗಳು ನಾಲ್ಕು ಜನ, ಎಲ್ಲರೂ ಜಾಮೀನಿನ ಮೇಲೆ ಹೊರಗಿದ್ದಾರೆ. ಅದರಲ್ಲಿ ಒಬ್ಬ ಆರು ತಿಂಗಳಿಂದ ಕೋರ್ಟಿಗೇ ಬರುತ್ತಿಲ್ಲ. ಸರ್ಕಾರಿ ವಕೀಲರು ನನ್ನ ಹೇಳಿಕೆ ಮಾಡಿಸಿ ಮುಗಿಸಿದರು. ಪಾಟಿ ಸವಾಲಿಗೆ (ಎದುರು ಪಕ್ಷದ ವಕೀಲರು ಸಾಕ್ಷಿಗೆ ಕೇಳುವ ಪ್ರಶ್ನೆಗಳಿಗೆ) ಅಂತ ಮುಂದೆ ಹಾಕಿ ವರ್ಷ ದಾಟಿತು. ಇನ್ನೊಬ್ಬ ಮುಖ್ಯ ಸಾಕ್ಷಿ ತೋಟದಲ್ಲಿ ಕೆಲಸಕ್ಕಿದ್ದ ಅಸ್ಸಾಮಿನ ಹುಡುಗ, ಈಗ ಊರಿಗೆ ಹೋಗಿದ್ದಾನೆ. ಅಮ್ಮನಿಗೆ 74. ಅವರೂ ಸಾಕ್ಷಿ. ನಾನು ಕೋರ್ಟಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ‘ಇವತ್ತೂ ವಾಯಿದೆಯಾ?’ ಅಂತ ಕೇಳುತ್ತಾರೆ. ದಿನಾಂಕ ಬಂತೆಂದರೆ ಹಿಂದಿನ ರಾತ್ರಿ ನನಗೆ ನಿದ್ದೆಯಿಲ್ಲ, ಬೆಳಗ್ಗೆ ಊಟ ಸೇರುವುದಿಲ್ಲ, ವಾಯಿದೆ ಆದ ಮೇಲೆ ಎರಡು ದಿನ ಯಾರ ಜೊತೆಯೂ ಮಾತಿಲ್ಲ. ಇದಕ್ಕೆ ಮಿತಿ ಅನ್ನುವುದು ಇಲ್ಲವೇ? ಊರಿನವರು ರಾಜಿ ಮಾಡಿಕೊಳ್ಳಿ ಅನ್ನುತ್ತಿದ್ದಾರೆ. ನಾನು ಮಾಡಬಹುದಾದ್ದು ಏನಾದರೂ ಇದೆಯೇ, ಅಥವಾ ಸುಮ್ಮನೆ ಕಾಯಬೇಕೇ?

ಉತ್ತರ: ತಂಗಿ, ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಸುಮ್ಮನೆ ಕಾಯಬೇಕಾಗಿಲ್ಲ. ಕೇಸನ್ನು ನಾಳೆಯೇ ಮುಗಿಸುವ ದಾರಿ ನನ್ನ ಹತ್ತಿರವೂ ಇಲ್ಲ, ಯಾವ ವಕೀಲರ ಹತ್ತಿರವೂ ಇಲ್ಲ. ಆದರೆ ಕಾಯುವ ಹೊತ್ತಿನಲ್ಲಿ ಸಾಕ್ಷ್ಯ ಹಾಳಾಗದಂತೆ ನೋಡಿಕೊಳ್ಳುವುದು ನಿಮ್ಮಿಂದ ಆಗುವ ಕೆಲಸ. ಕೊಲೆ ಕೇಸುಗಳಲ್ಲಿ ವಿಳಂಬದಿಂದ ಆಗುವ ನಿಜವಾದ ನಷ್ಟ ಅಲ್ಲೇ ಆಗುತ್ತದೆ.

ಇದನ್ನು ನಾನು ಕಲಿತದ್ದು ವಕೀಲಿ ವೃತ್ತಿಯ ಮೊದಲ ವರ್ಷಗಳಲ್ಲಿ. ಒಂದು ಕೊಲೆ ಕೇಸಿನಲ್ಲಿ ಕಣ್ಣಾರೆ ಕಂಡವನು ಒಬ್ಬ ಹಮಾಲಿ. ಸಮನ್ಸ್ ಬಂದಾಗಲೆಲ್ಲ ಬೆಳಗಿನ ಬಸ್ಸಿಗೆ ಬರುತ್ತಿದ್ದ, ಟವೆಲ್ಲಿನಲ್ಲಿ ಬುತ್ತಿ ಕಟ್ಟಿಕೊಂಡು. ಕೋರ್ಟ್ ಹಾಲ್ ಹೊರಗಿನ ಬೆಂಚಿನ ತುದಿಯಲ್ಲಿ ಕೂರುವುದು, ಅಟೆಂಡರ್ ಹೆಸರು ಕೂಗಿದಾಗ ಎದ್ದು ಟವೆಲ್ ಹೆಗಲಿಂದ ತೆಗೆದು ಒಳಗೆ ಹೋಗುವುದು, ಎರಡು ನಿಮಿಷದಲ್ಲಿ ಹೊರಗೆ ಬರುವುದು. ಒಂದು ಸಲ ಎದುರು ಪಕ್ಷದ ವಕೀಲರಿಗೆ ಬೇರೆ ಕೋರ್ಟಿನಲ್ಲಿ ಕೆಲಸ, ಒಂದು ಸಲ ಆರೋಪಿಗೆ ಜ್ವರ, ಒಂದು ಸಲ ನ್ಯಾಯಾಧೀಶರು ರಜೆ. ಒಂಬತ್ತನೇ ಸಲ ಸಂಜೆ ನಾಲ್ಕೂವರೆಗೆ ವಾಯಿದೆ ಆದಾಗ ಅವನು ನನ್ನನ್ನು ಕೇಳಿದ, ‘ಸ್ವಾಮಿ, ನಾನು ನೋಡಿದ್ದೇ ತಪ್ಪಾ?’ ಹತ್ತನೇ ಸಲ ಕಟಕಟೆಗೆ ಹತ್ತಿಸಿದಾಗ ತಾನು ಏನೂ ನೋಡಿಲ್ಲ ಅಂದುಬಿಟ್ಟ. ಅವನನ್ನು ಯಾರೂ ಹೆದರಿಸಿದಂತೆ ಇರಲಿಲ್ಲ. ಅವನು ದಣಿದಿದ್ದ, ಅಷ್ಟೇ. ಆ ಕೇಸು ಬಿದ್ದುಹೋಯಿತು. ಅವತ್ತು ಅವನ ದಿನಗೂಲಿಯ ಲೆಕ್ಕವನ್ನು ನಾವು ಯಾರೂ ಹಾಕಿರಲಿಲ್ಲವಲ್ಲ ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಮಿತಿ ಇದೆಯೇ ಎಂದು ಕೇಳಿದ್ದೀರಿ. ಕಾಗದದ ಮೇಲೆ ಇದೆ. ನಿಮ್ಮ ಕೇಸು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ ನಡೆಯುತ್ತದೆ, ಯಾಕೆಂದರೆ 2024ರ ಜುಲೈ 1ರಂದು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬರುವ ಹೊತ್ತಿಗಾಗಲೇ ಅದು ವಿಚಾರಣೆಯಲ್ಲಿತ್ತು. ಹಳೆಯ ಸಂಹಿತೆಯ 309ನೇ ಕಲಂ ಹೇಳುವುದು ಇಷ್ಟು. ವಿಚಾರಣೆ ದಿನದಿಂದ ದಿನಕ್ಕೆ ನಡೆಯಬೇಕು. ಸಾಕ್ಷಿ ಬಂದು ಕೂತಿದ್ದರೆ ವಿಶೇಷ ಕಾರಣ ಬರೆಯದೆ ಅವರನ್ನು ವಾಪಸ್ ಕಳಿಸಬಾರದು. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಅನ್ನುವುದು ಮುಂದೂಡಲು ಕಾರಣವೇ ಆಗುವುದಿಲ್ಲ. ಮುಂದೂಡಿಕೆ ಕೇಳಿದವರ ಮೇಲೆ ಖರ್ಚು ಹಾಕಲು ನ್ಯಾಯಾಲಯಕ್ಕೆ ಅಧಿಕಾರ ಇದೆ. ಹೊಸ ಸಂಹಿತೆಯ 346ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೈಮೀರಿದ ಕಾರಣ ಇದ್ದರೂ ಎರಡಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬಾರದು ಎಂದಿದೆ. ಅದು ನಿಮ್ಮ ಕೇಸಿಗೆ ನೇರವಾಗಿ ಅನ್ವಯಿಸದಿದ್ದರೂ ವಾದದಲ್ಲಿ ಅದನ್ನು ಎತ್ತಿ ತೋರಿಸಲು ಅಡ್ಡಿಯಿಲ್ಲ.

ಹಾಗಾದರೆ ಯಾಕೆ ಹೀಗೆ? ಎಲ್ಲ ವಾಯಿದೆಯೂ ಕುತಂತ್ರ ಅಂದುಕೊಳ್ಳಬೇಡಿ. ದೇಶದಲ್ಲಿ ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರಾದರೂ ಬೇಕು ಎಂದು ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ಇವತ್ತಿಗೂ ಅದರ ಅರ್ಧ ಮುಟ್ಟಿಲ್ಲ. ನ್ಯಾಯಾಧೀಶರಿಗೆ ವರ್ಗಾವಣೆಯಾಗಿ ಹೊಸಬರು ಬರುವ ತನಕ ಪ್ರಭಾರದಲ್ಲಿರುವವರು ದೊಡ್ಡ ಸಾಕ್ಷ್ಯಕ್ಕೆ ಕೈ ಹಾಕುವುದು ಅಪರೂಪ. ತನಿಖಾಧಿಕಾರಿ ಬೇರೆ ಜಿಲ್ಲೆಗೆ ಹೋಗಿರುತ್ತಾರೆ. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ತಡವಾಗುತ್ತದೆ. ಇವುಗಳ ನಡುವೆ ಬೇಕೆಂದೇ ಎಳೆಯುವ ವಾಯಿದೆಗಳೂ ಸೇರಿಕೊಳ್ಳುತ್ತವೆ. ಯಾವುದು ಯಾವುದು ಎಂದು ಬಿಡಿಸಿ ನೋಡದೆ ನೀವು ಏನು ಮಾಡಿದರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಬಿಡಿಸಿ ನೋಡಲು ಒಂದು ಕಾಗದ ಇದೆ. ಅದೇ ಆರ್ಡರ್ ಶೀಟ್. ಪ್ರತಿ ದಿನಾಂಕಕ್ಕೂ ಆ ಹಾಳೆಯಲ್ಲಿ ಎರಡು ಮೂರು ಸಾಲು ಬರೆದಿರುತ್ತಾರೆ: ಯಾರು ಹಾಜರು, ಯಾರು ಗೈರು, ಯಾರ ಕೋರಿಕೆ ಮೇಲೆ ಮುಂದಕ್ಕೆ ಹೋಯಿತು, ಯಾವ ಸಾಕ್ಷಿಗೆ ಸಮನ್ಸ್, ಯಾರಿಗೆ ವಾರಂಟ್. ಮೊದಲ ದಿನದಿಂದ ಇವತ್ತಿನ ತನಕ ಇಡೀ ಆರ್ಡರ್ ಶೀಟಿನ ದೃಢೀಕೃತ ನಕಲಿಗೆ ವಕೀಲರ ಮೂಲಕ ಅರ್ಜಿ ಹಾಕಿಸಿ. ಕೈಗೆ ಬಂದ ಮೇಲೆ ಒಂದು ಮಧ್ಯಾಹ್ನ ಕೂತು ಪೆನ್ಸಿಲ್ ಹಿಡಿದು ಓದಿ. ನ್ಯಾಯಾಲಯದ ಕಾರಣಕ್ಕೆ ಹೋದ ದಿನಕ್ಕೆ ಒಂದು ಗುರುತು, ಪೊಲೀಸರು ಸಾಕ್ಷಿಯನ್ನು ತರದ ದಿನಕ್ಕೆ ಇನ್ನೊಂದು, ಆರೋಪಿ ಕಡೆಯವರು ಕೇಳಿ ತೆಗೆದುಕೊಂಡ ದಿನಕ್ಕೆ ಮತ್ತೊಂದು. ನನ್ನ ಕಕ್ಷಿದಾರರಲ್ಲಿ ಹೀಗೆ ಮಾಡಿದವರಿಗೆ ಹೆಚ್ಚಾಗಿ ಆಶ್ಚರ್ಯವೇ ಕಾದಿರುತ್ತದೆ. ನ್ಯಾಯಾಧೀಶರನ್ನು ಬೈಯುತ್ತಿದ್ದವರಿಗೆ ಸಮನ್ಸೇ ಸರಿಯಾಗಿ ಜಾರಿಯಾಗಿಲ್ಲ ಎಂದು ಗೊತ್ತಾಗುತ್ತದೆ. ಇನ್ನು ಕೆಲವರಿಗೆ ಒಬ್ಬನೇ ಆರೋಪಿ ಗೈರುಹಾಜರಿ ಅರ್ಜಿ ಹಾಕಿ ಹಾಕಿ ಇಡೀ ಕೇಸನ್ನು ನಿಲ್ಲಿಸಿದ್ದು ಕಾಣುತ್ತದೆ.

ದಿನದಿನದ ವಿಷಯಕ್ಕೆ ಹಾಸನಕ್ಕೆ ಓಡಬೇಕಾಗಿಲ್ಲ. ಇ-ಕೋರ್ಟ್ಸ್ ಸರ್ವೀಸಸ್ ಆ್ಯಪ್ ಉಚಿತ. ನಿಮ್ಮ ಕೇಸಿಗೆ ಗುರುತಿಗಾಗಿ 16 ಅಕ್ಷರ-ಅಂಕಿಗಳ ಒಂದು ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಹಾಕಿದರೆ ಮುಂದಿನ ದಿನಾಂಕ, ಯಾವ ಹಂತ ಎಲ್ಲ ಫೋನಿನಲ್ಲೇ ಕಾಣುತ್ತದೆ. ನ್ಯಾಯಾಧೀಶರು ರಜೆ ಎಂದು ಹಿಂದಿನ ದಿನವೇ ಗೊತ್ತಾದರೆ ಒಂದು ಬಸ್ ಚಾರ್ಜು ಉಳಿಯಿತು. ನಿಮ್ಮ ಕಡೆ ಕಾಡಾನೆ ಓಡಾಟ ಇರುವ ದಾರಿಯಲ್ಲಿ ಕತ್ತಲಲ್ಲೇ ಹೊರಟು ಮೊದಲ ಬಸ್ ಹಿಡಿಯಬೇಕಾದವರಿಗೆ ಅದು ಬರೀ ಚಾರ್ಜಿನ ಮಾತೂ ಅಲ್ಲ. ಆದರೆ ಒಂದು ಎಚ್ಚರ. ನಿಮ್ಮ ಹೆಸರಿಗೆ ಸಮನ್ಸ್ ಬಂದಿದ್ದರೆ ಆ್ಯಪ್ ನೋಡಿಕೊಂಡು ಮನೆಯಲ್ಲಿ ಕೂರಬೇಡಿ. ಸರ್ಕಾರಿ ವಕೀಲರ ಕಚೇರಿಗೆ ಫೋನು ಮಾಡಿ ಕೇಳಿದ ಮೇಲೆಯೇ ತೀರ್ಮಾನ ಮಾಡಿ.

ಇನ್ನು ನಿಮಗೆ ಯಾರೂ ಹೇಳಿರಲಾರದ ಒಂದು ವಿಷಯ. ಕೊಲೆ ಕೇಸನ್ನು ನಡೆಸುವುದು ಸರ್ಕಾರ, ನಿಜ. ಆದರೆ ಸತ್ತವರ ಮನೆಯವರಾಗಿ ನೀವು ಅಭಿಯೋಜನೆಗೆ (ಸರ್ಕಾರದ ಪರ ಕೇಸು ನಡೆಸುವವರಿಗೆ) ಸಹಾಯ ಮಾಡಲು ಸ್ವಂತ ವಕೀಲರನ್ನು ಇಟ್ಟುಕೊಳ್ಳಬಹುದು. ದಂಡ ಪ್ರಕ್ರಿಯಾ ಸಂಹಿತೆಯ 24(8) ಮತ್ತು 301ನೇ ಕಲಂಗಳು ಇದಕ್ಕೆ ಅವಕಾಶ ಕೊಡುತ್ತವೆ. ಆ ವಕೀಲರು ಸಾಕ್ಷಿಗಳನ್ನು ತಾವೇ ಪ್ರಶ್ನಿಸುವುದಿಲ್ಲ. ಸರ್ಕಾರಿ ಅಭಿಯೋಜಕರ, ಅಂದರೆ ಸರ್ಕಾರಿ ವಕೀಲರ, ಮಾತಿನಂತೆ ನಡೆಯಬೇಕು. ಆದರೆ ಪ್ರತಿ ದಿನಾಂಕದಂದು ನಿಮ್ಮ ಪರ ಒಂದು ಕರಿಕೋಟು ಅಲ್ಲಿ ನಿಂತಿರುವುದೇ ವ್ಯತ್ಯಾಸ ಮಾಡುತ್ತದೆ. ಕೈತುಂಬ ಕೇಸಿರುವ ಸರ್ಕಾರಿ ವಕೀಲರಿಗೆ ‘ಸಾರ್, ಈ ಸಾಕ್ಷಿ ಇವತ್ತು ಬಂದಿದ್ದಾರೆ, ಮಾಡಿಬಿಡೋಣ’ ಎಂದು ಬೆಳಗ್ಗೆಯೇ ನೆನಪಿಸುವವರು ಇರುತ್ತಾರೆ. ಎದುರಿನವರು ಮುಂದೂಡಿಕೆ ಕೇಳಿದಾಗ ಲಿಖಿತ ಆಕ್ಷೇಪಣೆ ಸಿದ್ಧವಾಗಿರುತ್ತದೆ. ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಲಯದ ಅನುಮತಿ ಪಡೆದು ಲಿಖಿತ ವಾದವನ್ನೂ ಕೊಡಬಹುದು. ಫೀಜು ಕೊಡಲು ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೆ ಈಡುಮಾಡಿದ್ದು ಅರ್ಧಕ್ಕೆ ನಿಂತ ನಿಮ್ಮ ಸಾಕ್ಷ್ಯ. ಮುಖ್ಯ ವಿಚಾರಣೆ (ಸರ್ಕಾರಿ ವಕೀಲರು ಸಾಕ್ಷಿಯ ಹೇಳಿಕೆ ಮಾಡಿಸುವುದು) ಆಗಿ ಪಾಟಿ ಸವಾಲು ವರ್ಷಗಟ್ಟಲೆ ಬಾಕಿ ಉಳಿಯುವುದು ಸಾಕ್ಷಿಗೆ ಅತ್ಯಂತ ಅಪಾಯದ ಕಾಲ. ನೀವು ಏನು ಹೇಳಿದ್ದೀರಿ ಎಂದು ಎದುರಿನವರಿಗೆ ಪೂರ್ತಿ ಗೊತ್ತು, ನಿಮ್ಮನ್ನು ಮೆತ್ತಗೆ ಮಾಡಲು ಅವರಿಗೆ ಬೇಕಾದಷ್ಟು ಸಮಯವೂ ಸಿಕ್ಕಿತು. ಪಂಜಾಬಿನ ಒಂದು ಲಂಚದ ಪ್ರಕರಣದಲ್ಲಿ ಹೀಗೇ 20 ತಿಂಗಳ ಅಂತರ ಬಿಟ್ಟು ಪಾಟಿ ಸವಾಲು ಮಾಡಿದಾಗ ಸಾಕ್ಷಿ ತಾನು ಮೊದಲು ಹೇಳಿದ್ದಕ್ಕೇ ತಿರುಗಿಬಿದ್ದಿದ್ದ. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಪದ್ಧತಿಯನ್ನು ಕಟುವಾಗಿ ಖಂಡಿಸಿತು. ಸೆಷನ್ಸ್ ಕೇಸಿನಲ್ಲಿ ಬೇರೆ ಸಾಕ್ಷಿಯ ವಿಚಾರಣೆ ಆಗುವವರೆಗೆ ಒಬ್ಬರ ಪಾಟಿ ಸವಾಲನ್ನು ಮುಂದೂಡಲು 231(2)ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಅದು ಕೇಳಿದವರಿಗೆಲ್ಲ ಸಿಗುವ ಹಕ್ಕಲ್ಲ. ಕೇರಳದ ಪ್ರಕರಣವೊಂದರಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್, ದೋಷಾರೋಪ ಹೊರಿಸಿದ ಕೂಡಲೇ ಯಾವ ಸಾಕ್ಷಿ ಯಾವ ದಿನ ಎಂದು ಕೇಸಿನ ಕ್ಯಾಲೆಂಡರ್ ಹಾಕಬೇಕು, ಪಾಟಿ ಸವಾಲು ಮುಂದೂಡಬೇಕಾದರೆ ಅದಕ್ಕೆ ತಕ್ಕ ಕಾರಣ ಇರಬೇಕು ಎಂದು ಹೇಳಿದೆ. ಹಾಗಾಗಿ ನಿಮ್ಮ ವಕೀಲರು ಮೊದಲು ಮಾಡಬೇಕಾದ್ದು, ಸರ್ಕಾರಿ ಅಭಿಯೋಜಕರ ಮೂಲಕ ಒಂದು ಮೆಮೊ (ಚಿಕ್ಕ ಲಿಖಿತ ಮನವಿ) ಹಾಕಿ ಎರಡು ವಿಷಯ ಕೇಳುವುದು. ಒಂದು, ನಿಮ್ಮ ಪಾಟಿ ಸವಾಲಿಗೆ ನಿಗದಿತ ದಿನಾಂಕ. ಇನ್ನೊಂದು, ಉಳಿದ ಸಾಕ್ಷಿಗಳಿಗೆ ಒಂದರ ಹಿಂದೆ ಒಂದು ಬರುವಂತೆ ಕ್ಯಾಲೆಂಡರ್. ‘ಬೇಗ ಮುಗಿಸಿ’ ಎಂದು ಮೊರೆಯಿಡುವುದಕ್ಕಿಂತ ಇಂಥ ದಿನಾಂಕ ಕೊಡಿ ಎಂದು ಕೇಳುವುದರಲ್ಲಿ ಬಲ ಹೆಚ್ಚು.

ಅಷ್ಟರೊಳಗೆ ನೀವು ನಿಮ್ಮ ದೂರಿನ ನಕಲನ್ನು ಒಮ್ಮೆ ನಿಧಾನಕ್ಕೆ ಓದಿಕೊಳ್ಳಿ. ಬಾಯಿಪಾಠ ಮಾಡಬೇಡಿ. ಇನ್ನೊಬ್ಬ ಸಾಕ್ಷಿಯ ಜೊತೆ ಕೂತು ‘ನೀನು ಹೀಗೆ ಹೇಳು, ನಾನು ಹಾಗೆ ಹೇಳ್ತೀನಿ’ ಅನ್ನುವ ಮಾತು ಬೇಡವೇ ಬೇಡ. 2019ರ ಮಾತು, ಅವತ್ತು ಆರೋಪಿಗಳ ಅಂಗಿ ಯಾವ ಬಣ್ಣ ಎಂದು ಕೇಳಿದರೆ ನೆನಪಿಲ್ಲ ಅನ್ನುವುದು ಸುಳ್ಳೂ ಅಲ್ಲ, ಸೋಲೂ ಅಲ್ಲ. ನೆನಪಿಲ್ಲದ್ದನ್ನು ನೆನಪಿದೆ ಅಂದಾಗಲೇ ಪಾಟಿ ಸವಾಲಿನಲ್ಲಿ ಸಿಕ್ಕಿಹಾಕಿಕೊಳ್ಳುವುದು.

ಆರು ತಿಂಗಳಿಂದ ಬಾರದ ಆರೋಪಿಯ ವಿಷಯ. ಅವನ ಮೇಲೆ ಜಾಮೀನುರಹಿತ ವಾರಂಟ್ ಹೊರಟಿದೆಯೇ, ಜಾಮೀನು ನಿಂತವರಿಗೆ ನೋಟಿಸ್ ಆಗಿದೆಯೇ ಎಂದು ಆರ್ಡರ್ ಶೀಟಿನಲ್ಲಿ ನೋಡಿ. ವಾರಂಟ್ ಹೊರಟು ಠಾಣೆಯಲ್ಲೇ ಕೂತಿದ್ದರೆ ಆ ದಿನಾಂಕಗಳನ್ನು ನಮೂದಿಸಿ ಡಿವೈಎಸ್ಪಿ ಮತ್ತು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅವನು ಸಿಗುವುದೇ ಇಲ್ಲ ಅನ್ನುವಂತಾದರೆ ಅವನ ಕೇಸನ್ನು ಬೇರ್ಪಡಿಸಿ ಉಳಿದ ಮೂವರ ವಿಚಾರಣೆ ಮುಂದುವರಿಸಲು 317ನೇ ಕಲಂ ಅವಕಾಶ ಕೊಡುತ್ತದೆ. ಒಬ್ಬನಿಗಾಗಿ ನಾಲ್ವರ ಕೇಸು ನಿಲ್ಲಬೇಕಾಗಿಲ್ಲ.

ಅಸ್ಸಾಮಿನ ಹುಡುಗನ ಮಾತು ಬಂದಾಗ ಒಂದು ವಿಷಯ ಒತ್ತಿ ಹೇಳುತ್ತೇನೆ, ಮಲೆನಾಡಿನ ತೋಟಗಳಲ್ಲಿ ಈಗ ಇದು ಯಾರೋ ಒಬ್ಬರ ಸಮಸ್ಯೆಯಲ್ಲ. ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆಯಲ್ಲಿ) ಇದ್ದವರು ಕಾಫಿ ಕುಯ್ಲು ಮುಗಿದ ಮೇಲೆ ಊರಿಗೆ ಹೋಗುತ್ತಾರೆ, ಮುಂದಿನ ವರ್ಷ ಬೇರೆ ತೋಟ, ಬೇರೆ ಫೋನ್ ನಂಬರ್. ಸಮನ್ಸು ಹಳೆಯ ಲೈನ್ ಮನೆಗೆ ಹೋಗಿ ‘ವಿಳಾಸದಲ್ಲಿ ಇಲ್ಲ’ ಎಂಬ ಷರಾದ ಜೊತೆ ವಾಪಸ್ ಬರುತ್ತದೆ. ಹೀಗೇ ಎರಡು ಮೂರು ಸಲ ಬಂದರೆ ಆ ಸಾಕ್ಷಿಯನ್ನು ಕೈಬಿಡುವ ಅಪಾಯ ಇರುತ್ತದೆ. ತೋಟದ ಮಾಲೀಕರ ಹತ್ತಿರ, ಅವನನ್ನು ಕರೆತಂದ ಮೇಸ್ತ್ರಿಯ ಹತ್ತಿರ ವಿಚಾರಿಸಿ ಈಗಿನ ಪೂರ್ತಿ ವಿಳಾಸ, ಅಲ್ಲಿನ ಠಾಣೆಯ ಹೆಸರು ಪತ್ತೆ ಮಾಡಿ ಸರ್ಕಾರಿ ವಕೀಲರಿಗೆ ಬರೆದುಕೊಡಿ. ಅವನು ಅಷ್ಟು ದೂರದಿಂದ ಬರಲಾರ ಎಂದಾದರೆ ವಿಡಿಯೊ ಕಾನ್ಫರೆನ್ಸ್ ಮೂಲಕ ಸಾಕ್ಷ್ಯ ತೆಗೆದುಕೊಳ್ಳಲು ಅರ್ಜಿ ಹಾಕಬಹುದು. ಕ್ರಿಮಿನಲ್ ಕೇಸಿನಲ್ಲಿ ಅದು ಸಿಂಧು ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಅವನು ಬರುವುದಾದರೆ 312ನೇ ಕಲಂ ಪ್ರಕಾರ ಸಾಕ್ಷಿಯ ಪ್ರಯಾಣದ ಖರ್ಚು, ಭತ್ಯೆ ಕೊಡಿಸಲು ನ್ಯಾಯಾಲಯವನ್ನು ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಒಂದು ಮಾತು: ನೀವೇ ಅವನಿಗೆ ದುಡ್ಡು ಕಳಿಸಲು ಹೋಗಬೇಡಿ. ನಾಳೆ ಕಟಕಟೆಯಲ್ಲಿ ಅದೇ ಮೊದಲ ಪ್ರಶ್ನೆಯಾಗುತ್ತದೆ.

ಹೈಕೋರ್ಟಿಗೆ ಹೋಗಬಹುದೇ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ನಿಮಗೆ ಆ ಸಲಹೆ ಕೊಟ್ಟೇ ಕೊಡುತ್ತಾರೆ. ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿಯಲ್ಲೇ ಅಡಗಿರುವ ಹಕ್ಕು ಎಂದು 1979ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದ ವಿಚಾರಣಾಧೀನ ಕೈದಿಗಳ ಪ್ರಕರಣದಲ್ಲಿ. ಆದರೆ ಇಷ್ಟು ವರ್ಷಕ್ಕೆ ಮುಗಿಯದಿದ್ದರೆ ಕೇಸೇ ರದ್ದು ಎಂಬ ಗಡುವನ್ನು ನ್ಯಾಯಾಲಯಗಳು ಹಾಕುವಂತಿಲ್ಲ ಎಂದು 2002ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು, ಅದು ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣ. ಈ ತೀರ್ಪಿನಿಂದ ನಿಮಗೆ ಒಳ್ಳೆಯದೇ ಆಯಿತು. ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಆರೋಪಿಗಳು ತಾವಾಗಿ ಬಿಡುಗಡೆಯಾಗುವುದಿಲ್ಲ. ‘ಆರು ತಿಂಗಳಲ್ಲಿ ಮುಗಿಸಿ’ ಎಂದು ಕೆಳಗಿನ ಕೋರ್ಟಿಗೆ ಆದೇಶ ತರುವುದು ಮೊದಲು ಸುಲಭವಿತ್ತು. 2024ರ ಫೆಬ್ರುವರಿ 29ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಅಸಾಧಾರಣ ಸಂದರ್ಭ ಬಿಟ್ಟರೆ ಹಾಗೆ ಕಾಲಮಿತಿ ಹಾಕುವುದು ಸರಿಯಲ್ಲ ಎಂದಿತು. ಹಾಗಾಗಿ ಬೆಂಗಳೂರಿನ ಓಡಾಟ, ಖರ್ಚು ಲೆಕ್ಕ ಹಾಕಿದರೆ ಅದು ಮೊದಲ ಹೆಜ್ಜೆಯಾಗಬಾರದು ಅನ್ನುವುದು ನನ್ನ ಅಭಿಪ್ರಾಯ. ಆರ್ಡರ್ ಶೀಟ್, ನೀವು ಹಾಕಿದ ಮೆಮೊಗಳು, ಪೊಲೀಸರಿಗೆ ಕೊಟ್ಟ ಅರ್ಜಿಯ ಸ್ವೀಕೃತಿ ಎಲ್ಲ ಕೈಯಲ್ಲಿದ್ದೂ ಕೆಲಸ ಆಗಲಿಲ್ಲ ಅಂದರೆ ಆಗ ಹೋಗಿ. ಆಗ ನಿಮ್ಮ ಕೇಸು ಯಾಕೆ ಅಸಾಧಾರಣ ಎಂದು ತೋರಿಸಲು ಕಾಗದ ಇರುತ್ತದೆ.

ರಾಜಿಯ ವಿಷಯದಲ್ಲಿ ನನ್ನ ಮಾತು ಕಟುವಾಗಿರುತ್ತದೆ, ಕ್ಷಮಿಸಿ. ಕೊಲೆ ಕೇಸಿಗೆ ಕಾನೂನಿನಲ್ಲಿ ರಾಜಿ ಇಲ್ಲ. ರಾಜಿಗೆ ಅವಕಾಶವಿರುವ ಅಪರಾಧಗಳ 320ನೇ ಕಲಮಿನ ಪಟ್ಟಿಯಲ್ಲಿ ಅದು ಬರುವುದಿಲ್ಲ. ಎರಡು ಕಡೆಯವರು ಒಪ್ಪಿದರೂ ಕೊಲೆಯಂಥ ಘೋರ ಅಪರಾಧದ ಕೇಸನ್ನು ರದ್ದು ಮಾಡಲಾಗದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಊರಿನ ಹಿರಿಯರು ಜಗಲಿಯ ಮೇಲೆ ಕೂತು ‘ರಾಜಿ’ ಅಂದಾಗ ಅದರ ಅರ್ಥ ಇಷ್ಟೇ: ನೀವು ಕೋರ್ಟಿನಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಬೇಕು. ಆಮೇಲೆ ಸುಳ್ಳು ಸಾಕ್ಷಿಯ ತಲೆನೋವು ನಿಮ್ಮದು, ಅವರದ್ದಲ್ಲ. ಬೇಲಿಯ ಜಗಳ ಸಿವಿಲ್ ವಿಷಯ, ಅದನ್ನು ಬೇಕಾದರೆ ಸರ್ವೆ ಮಾಡಿಸಿ ಬಗೆಹರಿಸಿಕೊಳ್ಳಿ. ತಮ್ಮನ ಸಾವನ್ನು ಅದರೊಳಗೆ ಸೇರಿಸಲು ಬಿಡಬೇಡಿ.

ಆ ಮಾತು ಬುದ್ಧಿವಾದದಿಂದ ಬೆದರಿಕೆಗೆ ತಿರುಗಿದರೆ, ದಾರಿಯಲ್ಲಿ ಅಡ್ಡ ನಿಂತರೆ, ರಾತ್ರಿ ಫೋನು ಬಂದರೆ, ದಿನಾಂಕ, ಹೊತ್ತು ಬರೆದಿಟ್ಟು ಕೂಡಲೇ ಠಾಣೆಗೆ ದೂರು ಕೊಡಿ. ಜಾಮೀನು ರದ್ದು ಮಾಡಿಸಲು ಅದೇ ಆಧಾರ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯ ಪ್ರಕಾರ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ರಕ್ಷಣೆ ಕೋರಿ ಅರ್ಜಿ ಹಾಕಬಹುದು. ಮನೆಯ ಸುತ್ತ ಪೊಲೀಸ್ ಗಸ್ತು, ಕೋರ್ಟಿಗೆ ಬರುವ ದಿನ ಬೆಂಗಾವಲು ಇಂಥವು ಅದರಲ್ಲಿವೆ.

ಮನಸ್ಸಿನ ಮಾತು. ದಿನಾಂಕ ಬಂತೆಂದರೆ ಹಿಂದಿನ ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆ ಊಟ ಸೇರುವುದಿಲ್ಲ, ವಾಯಿದೆ ಆದ ಮೇಲೆ ಎರಡು ದಿನ ಯಾರ ಜೊತೆಯೂ ಮಾತಿಲ್ಲ ಎಂದು ಬರೆದಿದ್ದೀರಿ. ನನ್ನ ಆಫೀಸಿನ ಎದುರು ಕುರ್ಚಿಯಲ್ಲಿ ಕೂತವರಲ್ಲಿ ಹೀಗೇ ಹೇಳಿದವರು ಬಹಳ. ಪ್ರತಿ ದಿನಾಂಕಕ್ಕೂ ನೀವೇ ಹೋಗಬೇಕೆಂದಿಲ್ಲ. ಆರೋಪಿಗಳ ಹಾಗೆ ದೂರುದಾರರು ಪ್ರತಿ ಸಲ ಹಾಜರಿರಬೇಕೆಂಬ ನಿಯಮ ಇಲ್ಲ. ಸಮನ್ಸ್ ಇರುವ ದಿನ ಹೋಗಿ, ಉಳಿದ ದಿನ ವಕೀಲರು ನೋಡಿಕೊಳ್ಳಲಿ. ಕುಯ್ಲಿನ ಕಾಲದಲ್ಲಿ ಕುಯ್ಲು ಮಾಡಿ. ಮಕ್ಕಳಿದ್ದರೆ ಅವರ ಶಾಲೆಯ ಕಾರ್ಯಕ್ರಮಕ್ಕೆ ಹೋಗಿ. ಕೇಸು ಮುಗಿಯುವ ತನಕ ಮನೆಯಲ್ಲಿ ಶುಭಕಾರ್ಯ ಬೇಡ ಎಂದು ತಡೆದಿಟ್ಟಿದ್ದರೆ ಆ ಹಟ ಬಿಡಿ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರ ಹತ್ತಿರ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೊನೆಗೆ ನಿಮ್ಮ ಅಮ್ಮ. ಇದನ್ನು ಎಲ್ಲಕ್ಕಿಂತ ಮೊದಲು ಮಾಡಿಸಿ. 74ರ ಸಾಕ್ಷಿಯನ್ನು ಸರದಿ ಬರಲಿ ಎಂದು ಕಾಯಿಸುವುದು ಸರಿಯಲ್ಲ. ವಯಸ್ಸು ಮತ್ತು ಆರೋಗ್ಯದ ದಾಖಲೆ ಇಟ್ಟು, ಅವರ ಸಾಕ್ಷ್ಯವನ್ನು ಬೇರೆಯವರಿಗಿಂತ ಮುಂಚೆ, ಮುಖ್ಯ ವಿಚಾರಣೆ ಮತ್ತು ಪಾಟಿ ಸವಾಲು ಎರಡನ್ನೂ ಒಂದೇ ದಿನ ಮುಗಿಸಿಕೊಡಿ ಎಂದು ಸರ್ಕಾರಿ ಅಭಿಯೋಜಕರ ಮೂಲಕ ಅರ್ಜಿ ಹಾಕಿಸಿ. ಓಡಾಡಲು ಆಗದ ಸ್ಥಿತಿ ಬಂದರೆ ನ್ಯಾಯಾಲಯವೇ ಸಾಕ್ಷ್ಯ ಬರೆದುಕೊಳ್ಳಲು ಒಬ್ಬ ಕಮಿಷನರ್ ನೇಮಿಸಿ ಮನೆಯಲ್ಲೇ ಸಾಕ್ಷ್ಯ ಪಡೆಯುವ ದಾರಿಯೂ ಇದೆ. ಅವರ ದಿನಾಂಕ ನಿಗದಿಯಾದ ದಿನ ಬೆಳಗ್ಗೆ ತಿಂಡಿ ಮಾಡಿಸಿ, ಮಾತ್ರೆ ಕೊಟ್ಟು, ನೀರು ಮತ್ತು ಒಂದು ಶಾಲು ಜೊತೆಗೆ ಇಟ್ಟುಕೊಂಡು ಕರೆದುಕೊಂಡು ಬನ್ನಿ. ಕಟಕಟೆಯಲ್ಲಿ ಕುರ್ಚಿ ಬೇಕೆಂದು ಕೇಳಿದರೆ ನ್ಯಾಯಾಧೀಶರು ಇಲ್ಲ ಅನ್ನುವುದಿಲ್ಲ. ಅವತ್ತಿನ ಸಂಜೆ ಮನೆಗೆ ಬಂದ ಮೇಲೆ ಅವರು ‘ಇವತ್ತೂ ವಾಯಿದೆಯಾ?’ ಎಂದು ಕೇಳಬೇಕಾಗಿರುವುದಿಲ್ಲ. ತಾವು ಕಂಡದ್ದನ್ನು ಹೇಳಿ ಬಂದಿರುತ್ತಾರೆ.